ಏಳನೆಯ ಫ್ರೇಮು

ಫೆಬ್ರವರಿ 3

ಮಾವನಿಗೆ ನಮಸ್ಕಾರ.

ಹೋದ ಭಾನುವಾರ ಫೋನಿನಲ್ಲಿ ನಾನು ಕ್ಯಾಮೆರಾ ಅಂದರೆ ನಿಮಗೆ ಕಾಮಾಲೆ ಅಂತ ಕೇಳಿಸಿತು. "ಯಾರಿಗೆ? ಕಣ್ಣು ಹಳದಿಯಾಗಿದೆಯಾ?" ಎಂದು ನೀವು ಕೂಗಿದ್ದು ನಮ್ಮ ವಾರ್ಡಿನ ಅರ್ಧ ಜನಕ್ಕೆ ಕೇಳಿಸಿರಬೇಕು. ಆದ್ದರಿಂದ ಇನ್ನು ಮೇಲೆ ಈ ವಿಷಯ ಕಾಗದದಲ್ಲೇ ಆಗಲಿ.

ನನಗೊಂದು ಕ್ಯಾಮೆರಾ ಬೇಕು. ನಮ್ಮ ಹೆರಿಗೆ ವಾರ್ಡಿನಲ್ಲಿ ಹುಟ್ಟುವ ಕೆಲವು ಮಕ್ಕಳ ಫೋಟೊ ತೆಗೆದು ತಾಯಿತಂದೆಗೆ ಕೊಡಬೇಕೆಂದಿದ್ದೇನೆ. ಹಿರಿಯ ಸಿಸ್ಟರ್ ಒಪ್ಪಿದ್ದಾರೆ. ನರ್ಸ್ ಕೆಲಸದ ಜೊತೆಗೆ, ಬಿಡುವಿನಲ್ಲಿ.

ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇರುವಾಗ ನಿನ್ನದೇನು ಹೊಸದು ಎಂದು ಕೇಳುತ್ತೀರಿ. ನನ್ನದು ಸದ್ದು ಮಾಡಬಾರದು. ಹಿಂದೆ ಪರದೆ ಇರಬಾರದು, ತೆಗೆದ ಕ್ಷಣವೇ ನಾಲ್ಕು ಜನ ಬಗ್ಗಿ ನೋಡುವಂತಿರಬಾರದು. ಅದು ನನ್ನ ಮುಖವನ್ನು ಮುಚ್ಚಬಾರದು, ಎದುರಿಗಿರುವವರಿಗೆ ನಾನು ಕಾಣುತ್ತಿರಬೇಕು. ಮತ್ತೆ, ಕೈಯಲ್ಲಿ ಹಿಡಿಯಬಹುದಾದ ಒಂದು ನೆಗೆಟಿವ್ ಉಳಿಯಬೇಕು. ಎಷ್ಟೋ ವರ್ಷದ ಮೇಲೆ ಯಾರಾದರೂ ಬಂದು ಕೇಳಿದರೆ ಲಕೋಟೆಯಿಂದ ತೆಗೆದು ಕೊಡುವ ಹಾಗೆ.

ಶಾಲೆಯ ರಜೆಯಲ್ಲಿ ನಿಮ್ಮ ಸ್ಟುಡಿಯೋಗೆ ಬಂದಾಗ ಎದೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಕ್ಯಾಮೆರಾ ಒಂದಿತ್ತಲ್ಲ. ಮೀಡಿಯಂ ಫಾರ್ಮ್ಯಾಟ್ ಅನ್ನುತ್ತಿದ್ದಿರಿ. ಅಗಲ ಫಿಲ್ಮು, ಒಂದು ರೋಲಿಗೆ ಹನ್ನೆರಡೇ ಚಿತ್ರ. ಅಂಥದ್ದನ್ನು ಕೊಳ್ಳಬೇಕೆಂದಿದ್ದೇನೆ. "ನಮ್ಮಣ್ಣನಿಗೆ ಗೊತ್ತಿಲ್ಲದ ಕ್ಯಾಮೆರಾ ಇಲ್ಲ, ಅವನನ್ನೇ ಕೇಳು" ಅಂದಳು ಅಮ್ಮ.

ಅತ್ತೆಗೆ ನನ್ನ ನಮಸ್ಕಾರ.

ನಿಮ್ಮ ಪಿಟೀಲು

ಫೆಬ್ರವರಿ 11

ಪ್ರೀತಿಯ ಪಿಟೀಲು, ಆಶೀರ್ವಾದ.

ನಿನ್ನ ಕಾಗದ ಬಂತು. ಆಸ್ಪತ್ರೆಯಲ್ಲಿ ಇಷ್ಟು ವರ್ಷ ಇದ್ದೂ ನಿನ್ನ ಅಕ್ಷರ ಔಷಧಿ ಚೀಟಿಯ ಅಕ್ಷರವಾಗಿಲ್ಲ, ಸಂತೋಷ. ಆದರೆ ಬುದ್ಧಿಯನ್ನು ಎಲ್ಲಿಟ್ಟು ಮರೆತೆ?

ಮಗು ಎಂದರೆ ಒಂದು ಕಡೆ ನಿಲ್ಲದ ಪದಾರ್ಥ. ಆಕಳಿಸುತ್ತದೆ, ಸೀನುತ್ತದೆ, ನೀನು ಬೆಳಕು ಹೊಂದಿಸಿಕೊಂಡು ತಯಾರಾದ ಹೊತ್ತಿಗೆ ಸರಿಯಾಗಿ ಒದ್ದೆ ಮಾಡುತ್ತದೆ. ನೀನೇ ಹುಟ್ಟಿದ ಮೊದಲ ವರ್ಷ ಪೂರ್ತಿ ಪಿಟೀಲು ಕುಯ್ದವಳು. ನಿನ್ನದೊಂದು ಚಿತ್ರಕ್ಕೆ ನಾನು ಎರಡು ರೋಲು ಸುಟ್ಟಿದ್ದೇನೆ. ಮೀಡಿಯಂ ಫಾರ್ಮ್ಯಾಟ್‌ನಲ್ಲಿ ನೀನು ಫೋಕಸ್ ತಿರುಗಿಸುವಷ್ಟರಲ್ಲಿ ಮಗು ಶಾಲೆಗೆ ಸೇರಿರುತ್ತದೆ. ಒಂದು ಒಳ್ಳೆಯ ಡಿಜಿಟಲ್ ತೆಗೆದುಕೋ. ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಸದ್ದು ಬೇಡವೆಂದರೆ ಸದ್ದು ಮಾಡುವುದಿಲ್ಲ, ಪರದೆ ಬೇಡವೆಂದರೆ ಆರಿಸಿಡು. ತೆಗೆದದ್ದನ್ನು ಆಗಲೇ ತೋರಿಸಬಾರದು ಅನ್ನುವುದು ಗಿರಾಕಿಗಳನ್ನು ಕಾಯಿಸುವ ಉಪಾಯವೇ? ಅದಾದರೆ ಒಳ್ಳೆಯ ಉಪಾಯ, ನಾನೂ ಮಾಡುತ್ತಿದ್ದೆ.

ನಾನು ಫಿಲ್ಮಿಗೆ ಎಂದೋ ಕೈಮುಗಿದವನು. ಈಗ ನನ್ನ ಸ್ಟುಡಿಯೋದಲ್ಲಿ ನಡೆಯುವುದು ಪಾಸ್‌ಪೋರ್ಟ್ ಫೋಟೊ, ಮತ್ತೆ ಲೋಟದ ಮೇಲೆ ಮುಖ ಅಚ್ಚು ಹಾಕುವುದು. ಹೋದ ವಾರ ಒಬ್ಬರು ತಮ್ಮ ನಾಯಿಯ ಮುಖವನ್ನು ಇಡೀ ಆಫೀಸಿನ ಲೋಟಗಳಿಗೆ ಹಾಕಿಸಿಕೊಂಡು ಹೋದರು. ನಾಯಿ ಬಹಳ ಗಂಭೀರವಾಗಿತ್ತು.

ಏನೇ ಆಗಲಿ, ಸಂತೋಷದ ಜಾಗದಲ್ಲಿ ಸಂತೋಷದ ಕೆಲಸ ಹಿಡಿದಿದ್ದೀಯ. ನಿನ್ನ ಕಾಗದವನ್ನು ಅತ್ತೆಗೆ ಓದಿ ಹೇಳಿದೆ. ಅವಳು ಅರ್ಧದಲ್ಲೇ ಎದ್ದು ಹೋದಳು, ಒಲೆಯ ಮೇಲೆ ಹಾಲಿತ್ತು.

ನಿನ್ನ ಮಾವ

ಫೆಬ್ರವರಿ 20

ಮಾವನಿಗೆ ನಮಸ್ಕಾರ.

ಇಲ್ಲಿ ಹಳೆಯ ಕ್ಯಾಮೆರಾ ಮಾರುವ ಅಂಗಡಿ ಒಂದೇ ಉಳಿದಿದೆ, ಬೂಟು ರಿಪೇರಿ ಅಂಗಡಿಯ ಮಹಡಿಯಲ್ಲಿ. ನಿನ್ನೆ ರಜೆಯಿತ್ತು, ಹೋಗಿದ್ದೆ.

ಮೊದಲು ದೊಡ್ಡ ಡಬ್ಬಿಯಂಥದ್ದನ್ನು ಕೊಟ್ಟರು. ಗುಂಡಿ ಒತ್ತಿದರೆ ಒಳಗಿನ ಕನ್ನಡಿ ಎದ್ದು ಬಡಿಯಿತು, ಕಬ್ಬಿಣದ ಬೀರುವಿನ ಬಾಗಿಲು ಹಾಕಿದ ಹಾಗೆ. ಕೆಳಗಡೆ ಸುತ್ತಿಗೆಯ ಸದ್ದು ನಿಂತುಹೋಯಿತು. ಅದು ಬೇಡ. ಇನ್ನೊಂದು, ಪುಸ್ತಕದ ಹಾಗೆ ಮಡಚುವಂಥದ್ದು. ಚೆನ್ನಾಗಿತ್ತು, ಆದರೆ ಕಣ್ಣಿಗೆ ಒತ್ತಿ ಹಿಡಿಯಬೇಕು, ಮುಖ ಮುಚ್ಚಿಹೋಗುತ್ತದೆ. ಮೂರನೆಯದು ಮೇಲೊಂದು ಕೆಳಗೊಂದು ಲೆನ್ಸ್ ಇರುವ ಎರಡು ಕಣ್ಣಿನದು. ಗುಂಡಿ ಒತ್ತಿದ್ದೇ ತಿಳಿಯಲಿಲ್ಲ. ನಾಲಿಗೆಯನ್ನು ಅಂಗುಳಿಗೆ ತಾಗಿಸಿ ಬಿಟ್ಟಷ್ಟು ಸದ್ದು. ಅದರೊಳಗೆ ನೋಡಬೇಕೆಂದರೆ ತಲೆ ಬಗ್ಗಿಸಲೇಬೇಕು. ಅದು ನನಗೆ ಹಿಡಿಸಿತು. ಆದರೆ ಲೆನ್ಸಿನೊಳಗೆ ಬೂಷ್ಟು ಹಿಡಿದಿತ್ತು, ಬಿಟ್ಟು ಬಂದೆ.

ನೀವು ಹೇಳಿದಿರೆಂದು ಡಿಜಿಟಲ್ ಕೂಡ ಹಿಡಿದು ನೋಡಿದೆ. ಅಂಗಡಿಯವರದ್ದೇ ಒಂದು ಚಿತ್ರ ತೆಗೆದೆ. ಸದ್ದಿರಲಿಲ್ಲ, ನಿಜ. ಆದರೆ ತೆಗೆದ ಕೂಡಲೇ ನಾನು ಅವರನ್ನು ಬಿಟ್ಟು ಪರದೆಯನ್ನು ನೋಡಿದೆ. ಬೇಕೆಂದು ಮಾಡಿದ್ದಲ್ಲ. ಆ ಒಂದು ಕ್ಷಣ ಅವರು ಎದುರಿಗೆ ಒಬ್ಬರೇ ನಿಂತಿದ್ದರು. ನನಗೆ ಹಾಗಾಗಬಾರದು ಮಾವ.

ನಮ್ಮ ಮಕ್ಕಳು ನೀವು ಹೇಳಿದಷ್ಟು ಅಲುಗಾಡುವುದಿಲ್ಲ. ನಿಧಾನದ ಶಟರ್ ಇದ್ದರೂ ನಡೆಯುತ್ತದೆ. ಕಾರಿಡಾರಿನ ಕೊನೆಯಲ್ಲಿ ಒಂದು ಸಣ್ಣ ಕೋಣೆ ಇದೆ. ಒಂದೇ ಕಿಟಕಿ, ಮಬ್ಬು ಗಾಜು. ದೀಪ ಹಾಕುವಂತಿಲ್ಲ. ಅಂಥ ಬೆಳಕಿಗೆ ಯಾವ ಫಿಲ್ಮು, ಎಷ್ಟು ಹೊತ್ತು?

ಪಿಟೀಲು

ಮಾರ್ಚ್ 8

ಪ್ರೀತಿಯ ಪಿಟೀಲು,

ನೀನು ಹಟ ಹಿಡಿದರೆ ನಿನ್ನಮ್ಮನನ್ನೂ ಮೀರಿಸುತ್ತೀಯ. ಸರಿ, ಸೋತೆ.

ಇದರ ಜೊತೆಗಿರುವ ಪಾರ್ಸಲ್ಲಿನಲ್ಲಿ ಎರಡು ಕಣ್ಣಿನದೇ ಇದೆ. ನಮ್ಮ ಪಕ್ಕದ ಊರಿನಲ್ಲಿ ಸ್ಟುಡಿಯೋ ಮುಚ್ಚಿ ಕುಳಿತ ನನ್ನ ಹಳೆಯ ಜೊತೆಗಾರನದು. ಅವನು ಹೆಂಡತಿಗಿಂತ ಹೆಚ್ಚು ಜೋಪಾನ ಮಾಡಿದ್ದ, ಆಕೆಯೇ ಹಾಗೆಂದಳು. ಲೆನ್ಸು ಕನ್ನಡಿಯಂತಿದೆ. ಶಟರನ್ನು ನಾನು ಕೂತು ಪರೀಕ್ಷೆ ಮಾಡಿದೆ, ಒಂದು ಸೆಕೆಂಡೆಂದರೆ ಒಂದೇ ಸೆಕೆಂಡು. ಸದ್ದು ಹೇಗಿದೆ ಎಂದು ನನ್ನನ್ನು ಕೇಳಬೇಡ, ನನಗೆ ಸಿಡಿಲೂ ಪಿಸುಮಾತೇ. ನಿನ್ನ ಅತ್ತೆ ಕಿವಿಯ ಹತ್ತಿರ ಹಿಡಿದು ನೋಡಿ, "ಇದು ಯಾರನ್ನೂ ಎಬ್ಬಿಸಲ್ಲ" ಅಂದಳು.

ಮಬ್ಬು ಗಾಜು ಕೆಟ್ಟದ್ದಲ್ಲ, ಬೆಳಕನ್ನು ಮೆತ್ತಗೆ ಮಾಡುತ್ತದೆ. ತಾಯಿಯನ್ನು ಕಿಟಕಿಯ ಪಕ್ಕಕ್ಕೆ, ಸ್ವಲ್ಪ ಓರೆಯಾಗಿ ಕೂರಿಸು. ಕಡಿಮೆ ಬೆಳಕಿಗೆಂದೇ ಇರುವ ವೇಗದ ಫಿಲ್ಮು ಜೊತೆಗಿಟ್ಟಿದ್ದೇನೆ, ಅದನ್ನು ಹಾಕಿದರೂ ಅರ್ಧ ಸೆಕೆಂಡೋ ಒಂದು ಸೆಕೆಂಡೋ ಬೇಕಾದೀತು. ಟ್ರೈಪಾಡ್ ಇಲ್ಲದೆ ಮುಟ್ಟಬೇಡ. ಮಗು ಅಷ್ಟು ಹೊತ್ತು ಸುಮ್ಮನಿದ್ದರೆ ಅದು ನಿನ್ನ ಪುಣ್ಯ. ತಾಯಿಗೆ ಮಾತ್ರ ಉಸಿರು ಬಿಟ್ಟು ಹಗುರಾಗಲು ಹೇಳು. ಉಸಿರು ಬಿಗಿಹಿಡಿದವರೇ ಹೆಚ್ಚು ಅಲುಗಾಡುವುದು.

ರೋಲುಗಳನ್ನು ನನಗೇ ಕಳಿಸು. ಬೇರೆಯವರ ಕೈಗೆ ಕೊಟ್ಟು ಹಾಳುಮಾಡಿಕೊಳ್ಳಬೇಡ. ನನ್ನ ಡಾರ್ಕ್ ರೂಮಿನಲ್ಲಿ ಹರಿದ ಕೊಡೆಗಳು, ಬೇಡದ ಸೂಟ್‌ಕೇಸುಗಳು ಸಂಸಾರ ಹೂಡಿದ್ದವು. ಎಲ್ಲ ಹೊರಗೆ ಹಾಕಿ ತೊಳೆದೆ. ಕೆಂಪು ದೀಪ ಹಾಕಿಕೊಂಡು ಸುಮ್ಮನೆ ಸ್ವಲ್ಪ ಹೊತ್ತು ಕೂತಿದ್ದೆ. ಇದನ್ನು ಯಾರಿಗೂ ಹೇಳಬೇಡ.

ನಿನ್ನ ಮಾವ

ಏಪ್ರಿಲ್ 4

ಮಾವ,

ಮೊದಲ ರೋಲು ಕಳಿಸುತ್ತಿದ್ದೇನೆ. ಎಲ್ಲವೂ ಒಂದೇ ತಾಯಿಯ ಚಿತ್ರಗಳು. ಸರಿಯಾಗಿ ಬಂದವುಗಳ ಎರಡೆರಡು ಪ್ರಿಂಟ್ ಸಾಕು. ನೆಗೆಟಿವ್ ಮೇಲೆ ಗೀರು ಬೀಳದ ಹಾಗೆ ನೋಡಿಕೊಳ್ಳಿ. ಇನ್ನೊಮ್ಮೆ ತೆಗೆಯಲಾಗುವುದಿಲ್ಲ.

ಕ್ಯಾಮೆರಾ ಬಹಳ ಚೆನ್ನಾಗಿದೆ. ಹೆಚ್ಚು ಬರೆಯಲು ಈಗ ಆಗುತ್ತಿಲ್ಲ.

ಪಿಟೀಲು

ಏಪ್ರಿಲ್ 19

ಪ್ರೀತಿಯ ಪಿಟೀಲು,

ಭೇಷ್. ಇದೊಂದು ಮಾತನ್ನು ನಾನು ಲೆಕ್ಕವಿಟ್ಟು ಆಡುವವನು, ನಿನಗೆ ಗೊತ್ತು.

ಹನ್ನೆರಡರಲ್ಲಿ ಒಂಬತ್ತು ಬಂದಿವೆ. ಅದರಲ್ಲೂ ಆ ಏಳನೆಯ ಫ್ರೇಮು. ತಾಯಿ ಕಿಟಕಿಯ ಕಡೆಗೆ ಓರೆಯಾಗಿ ಕೂತಿದ್ದಾಳೆ, ಮಗು ಅವಳ ಎರಡು ಕೈಗಳಲ್ಲಿ ನಿದ್ದೆ ಮಾಡುತ್ತಿದೆ. ರೆಪ್ಪೆಯ ಕೂದಲು ಎಣಿಸಬಹುದು, ಅಷ್ಟು ಸ್ಪಷ್ಟ. ಜೀವಮಾನವೆಲ್ಲ ನಾನು ತೆಗೆದ ಚಿತ್ರಗಳಲ್ಲಿ ತಾಯಿ ಸ್ಪಷ್ಟ, ಮಗು ಮಸುಕು. ನಿನ್ನದರಲ್ಲಿ ತಿರುಗುಮುರುಗು. ತಾಯಿಯ ಕೈ ಅಲುಗಿ ಮಸುಕಾಗಿದೆ, ಮಗು ಕೆತ್ತಿಟ್ಟ ಹಾಗಿದೆ. ಅಷ್ಟು ಹೊತ್ತು ಅದನ್ನು ಹೇಗೆ ಮಲಗಿಸಿದೆ? ಆ ವಿದ್ಯೆಯನ್ನು ನನಗೂ ಸ್ವಲ್ಪ ಹೇಳಿಕೊಡು. ಲೋಟದ ಗಿರಾಕಿಗಳ ಮಕ್ಕಳು ನನ್ನ ಪ್ರಾಣ ತಿನ್ನುತ್ತವೆ.

ಒಂದು ಸಂತೋಷದ ಸುದ್ದಿ. ಆ ಏಳನೆಯದನ್ನು ದೊಡ್ಡದು ಮಾಡಿ, ಚೌಕಟ್ಟು ಹಾಕಿಸಿ, ಅಂಗಡಿಯ ಮುಂದಿನ ಕಿಟಕಿಯಲ್ಲಿ ಇಟ್ಟಿದ್ದೇನೆ. ಲೋಟಗಳನ್ನೆಲ್ಲ ಒಳಗೆ ತಳ್ಳಿದೆ. ಹೋಗುವವರು ಬರುವವರು ನಿಂತು ನೋಡುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಕಿಟಕಿಯ ಮುಂದೆ ಜನ ನಿಂತದ್ದು ಮಳೆ ಬಂದಾಗ ಮಾತ್ರ. ನಿನ್ನ ಅತ್ತೆ ಮೊದಲ ದಿನ ಬಹಳ ಹೊತ್ತು ನೋಡಿದಳು. ಹೇಗಿದೆ ಎಂದು ಕೇಳಿದೆ, ಉತ್ತರ ಹೇಳದೆ ಮನೆಗೆ ಹೋದಳು. ಅವಳಿಗೆ ಚಿತ್ರಕಲೆಯ ಗಂಧ ಕಡಿಮೆ. ಆದರೂ ಈಗ ದಿನಾ ಬೆಳಿಗ್ಗೆ ತಾನೇ ಬಂದು ಆ ಗಾಜು ಒರೆಸುತ್ತಾಳೆ.

ಪ್ರಿಂಟುಗಳೂ ನೆಗೆಟಿವ್‌ಗಳೂ ಜೊತೆಗಿವೆ. ಮುಂದಿನ ರೋಲು ಬೇಗ ಬರಲಿ.

ನಿನ್ನ ಮಾವ

ಏಪ್ರಿಲ್ 25

ಮಾವ,

ಈ ಕಾಗದ ಕೈಗೆ ಸಿಕ್ಕ ತಕ್ಷಣ, ಮುಂದೆ ಓದುವ ಮೊದಲು, ಎದ್ದು ಹೋಗಿ ಕಿಟಕಿಯಿಂದ ಆ ಚಿತ್ರವನ್ನು ತೆಗೆಯಿರಿ. ತೆಗೆದು ಬಂದು ಓದಿ.

ಅಂಗಡಿಗೆ ಫೋನ್ ಮಾಡಿದೆ. "ಪಾಸ್‌ಪೋರ್ಟ್ ಫೋಟೊನಾ? ಸಂಜೆ ಬನ್ನಿ" ಎಂದು ಇಟ್ಟುಬಿಟ್ಟಿರಿ. ಮನೆಗೆ ಮಾಡಿದೆ. ಅತ್ತೆ ಎತ್ತಿಕೊಂಡು ಊಟವಾಯಿತಾ ಎಂದು ಕೇಳಿದರು. ಅವರಿಗೆ ಹೇಳಲು ನಾಲಿಗೆ ಏಳಲಿಲ್ಲ. ಅದಕ್ಕೆ ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಆ ಮಗು ನಿದ್ದೆ ಮಾಡುತ್ತಿರಲಿಲ್ಲ.

ಕಾರಿಡಾರಿನ ಕೊನೆಯ ಆ ಕೋಣೆ ಉಳಿಯದ ಮಕ್ಕಳನ್ನು ತಾಯಂದಿರ ಹತ್ತಿರ ಸ್ವಲ್ಪ ಹೊತ್ತು ಬಿಡುವ ಕೋಣೆ. ಹೋದ ವರ್ಷ ಒಬ್ಬ ತಂದೆ ಅಲ್ಲಿ ಫೋನಿನಲ್ಲಿ ಚಿತ್ರ ತೆಗೆದರು. ಅವರ ತಮ್ಮ ಅದನ್ನು ನೆಂಟರಿಗೆಲ್ಲ ಕಳಿಸಿದ. ಸಂಜೆಯೊಳಗೆ ಯಾರು ಯಾರೋ ಏನೇನೋ ಬರೆದಿದ್ದರು. ತಾಯಿ ಅಳುತ್ತ ಎಲ್ಲವನ್ನೂ ಅಳಿಸಿಹಾಕಿಸಿದಳು. ಕೆಲವು ತಿಂಗಳಾದ ಮೇಲೆ ಆಕೆಯೇ ವಾರ್ಡಿಗೆ ಬಂದು, ಯಾರ ಹತ್ತಿರವಾದರೂ ಒಂದು ಉಳಿದಿದೆಯಾ ಎಂದು ಒಬ್ಬೊಬ್ಬರನ್ನೂ ಕೇಳಿದಳು. ಯಾರ ಹತ್ತಿರವೂ ಇರಲಿಲ್ಲ. ಸದ್ದಿಲ್ಲದ, ಪರದೆಯಿಲ್ಲದ, ನೆಗೆಟಿವ್ ಉಳಿಯುವ ಕ್ಯಾಮೆರಾ ಬೇಕು ಎಂದದ್ದು ಇದಕ್ಕೆ.

ನಿಮ್ಮ ಕಿಟಕಿಯಲ್ಲಿರುವ ತಾಯಿ ಒಂದು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಅವರ ಗಂಡ ಲಿಫ್ಟ್ ರಿಪೇರಿಯ ಕೆಲಸದವರು. ಅವರು ಕೋಣೆಯೊಳಗೆ ಬರಲೇ ಇಲ್ಲ, ಕಾರಿಡಾರಿನಲ್ಲಿ ನಮ್ಮ ಲಿಫ್ಟಿನ ಮುಂದೆ ನಿಂತು ಅದು ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದರು. ಮಗು ಗಂಡು. ಹುಟ್ಟಿದ ಮೇಲೆ ಸ್ವಲ್ಪ ಹೊತ್ತು ಉಸಿರಾಡಿತು. ನೀವು ಹೇಳಿದ ಹಾಗೆ ಆಕೆಗೆ ಉಸಿರು ಬಿಟ್ಟು ಹಗುರಾಗಿ ಎಂದೆ. ಪ್ರಯತ್ನ ಮಾಡಿದರು. ಕೈ ಮಾತ್ರ ನಡುಗುತ್ತಲೇ ಇತ್ತು. ಮಸುಕು ಅದಕ್ಕೆ.

ನಾನು ಸುಳ್ಳು ಬರೆಯಲಿಲ್ಲ, ಆದರೆ ನೀವು ಬೇರೆಯಾಗಿ ತಿಳಿದಾಗ ತಿದ್ದಲೂ ಇಲ್ಲ. ಮಕ್ಕಳಿಲ್ಲದ ನಿಮ್ಮಿಬ್ಬರಿಗೆ ಇಂಥದ್ದನ್ನು ಹೇಗೆ ಬರೆಯಲಿ ಅನ್ನಿಸಿತು. ಆ ತಾಯಿಗೆ ನಾನು ಹೇಳಿದ್ದು, ಫಿಲ್ಮು ತೊಳೆಯುವ ನನ್ನ ಮಾವನನ್ನು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ ಎಂದು. ಅದನ್ನಾದರೂ ನಿಮಗೆ ಬರೆಯಬೇಕಿತ್ತು.

ಚಿತ್ರ ತೆಗೆದಿರೆಂದು ಒಂದು ಸಾಲು ತಿಳಿಸಿ.

ಪಿಟೀಲು

ಮೇ 12

ಮಾವ,

ನಿಮ್ಮಿಂದ ಉತ್ತರವಿಲ್ಲ. ಅಮ್ಮನಿಂದ ಫೋನ್ ಮಾಡಿಸಿದೆ. ಇಬ್ಬರೂ ಚೆನ್ನಾಗಿದ್ದಾರಂತೆ ಎಂದಷ್ಟೇ ಹೇಳಿ ಅಮ್ಮ ಮಾತು ಬದಲಿಸಿದಳು.

ಇನ್ನೆರಡು ರೋಲು ನನ್ನ ಹತ್ತಿರ ಇವೆ. ನಿಮ್ಮ ಕೈಗೆ ಕಳಿಸಲು ಧೈರ್ಯವಿಲ್ಲ, ಬೇರೆಯವರ ಕೈಗೆ ಕೊಡಲು ಮನಸ್ಸಿಲ್ಲ. ಬೈದಾದರೂ ಬರೆಯಿರಿ.

ಪಿಟೀಲು

ಮೇ 29

ಪ್ರೀತಿಯ ಪಿಟೀಲು,

ಚಿತ್ರವನ್ನು ನಿನ್ನ ಕಾಗದ ಬಂದ ಆ ಗಳಿಗೆಯಲ್ಲೇ ತೆಗೆದೆ. ಇಬ್ಬರು ಹುಡುಗಿಯರು ಕಿಟಕಿಯ ಮುಂದೆ ನಿಂತಿದ್ದರು. ಅವರ ಎದುರಿಗೇ ತೆಗೆದು, ಒಳಗೆ ಗೋಡೆಗೆ ಮುಖ ಮಾಡಿಟ್ಟೆ. ಆಮೇಲೆ ಬಂದು ಉಳಿದದ್ದನ್ನು ಓದಿದೆ.

ಇಷ್ಟು ದಿನ ಬರೆಯಲಿಲ್ಲ. ಕೋಪ ಬಂದಿತ್ತು. ಟ್ರೇಯಲ್ಲಿ ಆ ಮುಖ ಮೆಲ್ಲಗೆ ಮೂಡುತ್ತಿದ್ದಾಗ ನಾನು ಸಿಳ್ಳೆ ಹಾಕುತ್ತಿದ್ದೆ. ಬಹಳ ವರ್ಷದ ಮೇಲೆ ಡಾರ್ಕ್ ರೂಮಿಗೆ ಹೋದ ಖುಷಿ. ಮೊದಲೇ ಗೊತ್ತಿದ್ದರೆ ಸುಮ್ಮನಾದರೂ ನಿಲ್ಲುತ್ತಿದ್ದೆ ಎಂದು ನಿನ್ನ ಮೇಲೆ ಕೋಪ.

ನಿನ್ನ ಅತ್ತೆಗೆ ಏನೂ ಹೇಳಲಿಲ್ಲ. ಮರುದಿನ ಬಟ್ಟೆ ಹಿಡಿದು ಗಾಜು ಒರೆಸಲು ಬಂದಳು.

"ಎಲ್ಲಿ ಚಿತ್ರ?"

"ಬಿಸಿಲಿಗೆ ಮಾಸಿಹೋಗುತ್ತೆ ಅಂತ ತೆಗೆದಿಟ್ಟೆ."

"ಆ ಕಿಟಕಿಗೆ ಬಿಸಿಲೇ ಬೀಳಲ್ಲವಲ್ಲ ರೀ."

ನಾನು ಲೋಟಗಳನ್ನು ಜೋಡಿಸುತ್ತ ಕೇಳಿಸದವನ ಹಾಗಿದ್ದೆ. ಕಿವುಡನಿಗೆ ಅದೊಂದು ಅನುಕೂಲ. ಅವಳು ಎದುರಿಗೆ ಬಂದು ನಿಂತು, ತುಟಿ ಕಾಣುವ ಹಾಗೆ ಹೇಳಿದಳು. "ಆ ಮಗು ಮಲಗಿರಲಿಲ್ಲ. ನಂಗೆ ಮೊದಲ ದಿನವೇ ಗೊತ್ತಿತ್ತು."

ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಮಲಗಿರೋ ಮಗೂನ ಎಚ್ಚರ ಆಗದ ಹಾಗೆ ಹಿಡ್ಕೋತಾರೆ. ಅವಳು ಎಚ್ಚರ ಆಗಲಿ ಅಂತ ಹಿಡ್ಕೊಂಡಿದ್ದಳು."

"ಗೊತ್ತಿದ್ದೂ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ತೆಗೆದುಬಿಡ್ತಿದ್ದಿರಿ."

ನೀನು ನಮ್ಮನ್ನು ಮಕ್ಕಳಿಲ್ಲದವರು ಎಂದು ಬರೆದಿದ್ದೆ. ನಿನಗೆ ಗೊತ್ತಿಲ್ಲ, ಯಾರೂ ಹೇಳಿಲ್ಲ. ನೀನು ಹುಟ್ಟುವುದಕ್ಕೂ ಮೊದಲು ನಮಗೊಂದು ಹೆಣ್ಣು ಮಗು ಆಗಿತ್ತು. ಉಳಿಯಲಿಲ್ಲ. ನಾನು ಹೊರಗೆ ಬೆಂಚಿನ ಮೇಲಿದ್ದೆ. ಯಾರೋ ಬಂದು, ನೀವು ನೋಡದಿರುವುದೇ ಒಳ್ಳೆಯದು ಎಂದರು. ನೋಡಲಿಲ್ಲ. ಮನೆಯಲ್ಲಿ ಆ ಮಾತು ಎತ್ತಬಾರದೆಂದು ಹಿರಿಯರು ಹೇಳಿದರು. ಎತ್ತಲಿಲ್ಲ. ನಿನ್ನ ಅತ್ತೆಯೂ ನೋಡಿಲ್ಲ ಎಂದೇ ಇಷ್ಟು ಕಾಲ ತಿಳಿದಿದ್ದೆ.

ಅವಳು ನೋಡಿದ್ದಾಳೆ. ನರ್ಸ್ ಎತ್ತಿಕೊಂಡು ಹೋಗುವಾಗ ಬಟ್ಟೆ ಸ್ವಲ್ಪ ಜಾರಿತ್ತಂತೆ. ಮಂಚದಿಂದ ಬಾಗಿಲಿಗೆ ಎಷ್ಟು ದೂರವೋ ಅಷ್ಟು ಹೊತ್ತು. ಲೋಟಗಳ ಮಧ್ಯೆ ನಿಂತು ಅವಳು ನನ್ನ ಕಿವಿ ಮುಟ್ಟಿದಳು. "ಕಿವಿ ನಿಮ್ಮದೇ ರೀ. ಇಲ್ಲಿ, ಮೇಲ್ಗಡೆ, ಹೀಗೇ ಸ್ವಲ್ಪ ಮಡಚಿತ್ತು."

ಆ ದಿನ ಗಿರಾಕಿಗಳಿಗೆ ಅಂಗಡಿ ತೆಗೆಯಲಿಲ್ಲ. ಅದಾದ ಮೇಲೆ ನಾವಿಬ್ಬರೂ ಮಾತಾಡುತ್ತಲೇ ಇದ್ದೇವೆ. ಅವಳು ಹೇಳುತ್ತಾಳೆ, ನಾನು ಪಕ್ಕದಲ್ಲಿ ಕಿವಿಗೊಟ್ಟು ಕೂರುತ್ತೇನೆ. ನಾನು ಬರೆಯದಿರಲು ಇದೂ ಕಾರಣ.

ಈಗ ಎರಡು ಮಾತು. ನಿನ್ನ ಬಳಿ ಇರುವ ರೋಲುಗಳನ್ನು ಕಳಿಸು. ಅತ್ತೆ ಡಾರ್ಕ್ ರೂಮಿನಲ್ಲಿ ನನ್ನ ಜೊತೆ ನಿಲ್ಲುತ್ತಾಳಂತೆ. ಇನ್ನೊಂದು, ಆ ತಾಯಿಗೆ ನೀನು ಹೋಗಿ ಹೇಳಬೇಕು, ಅವರ ಮಗುವಿನ ಚಿತ್ರ ಒಂದು ಅಂಗಡಿಯ ಕಿಟಕಿಯಲ್ಲಿತ್ತು ಎಂದು. ಹೇಳದಿದ್ದರೆ ಅವರಿಗೆ ಗೊತ್ತಾಗದಿರಬಹುದು. ಆದರೂ ಹೇಳಬೇಕು. ತಪ್ಪು ನನ್ನದೆಂದು ಹೇಳು.

ನಿನ್ನ ಮಾವ

ಜೂನ್ 16

ಮಾವ, ಅತ್ತೆ, ಇಬ್ಬರಿಗೂ ನಮಸ್ಕಾರ.

ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು, "ಅತ್ತಿಗೆ ಒಂದು ದಿನವೂ ನನ್ನ ಮುಂದೆ ಅಳಲಿಲ್ಲ" ಎಂದಳು. ಅತ್ತೆ, ಉಳಿದದ್ದನ್ನು ನಿಮ್ಮ ಹತ್ತಿರ ಬಂದೇ ಮಾತಾಡುತ್ತೇನೆ.

ಆ ತಾಯಿಗೆ ಹೋಗಿ ಹೇಳಿಬಂದೆ. ಹೋಗುವ ಮೊದಲು ಕ್ಯಾಮೆರಾವನ್ನು ಹಿರಿಯ ಸಿಸ್ಟರ್ ಕೈಗೆ ಕೊಟ್ಟು, ಆ ತಾಯಿ ಬೇಡವೆಂದರೆ ಈ ಕೆಲಸ ಇಲ್ಲಿಗೇ ನಿಲ್ಲಲಿ ಎಂದಿದ್ದೆ.

ಲಾಂಡ್ರಿಯ ಹಿಂದೆಯೇ ಅವರ ಮನೆ. ಒಗೆದ ಬಟ್ಟೆಯ ಬಿಸಿ ಹಬೆ ಒಳಗಿನವರೆಗೂ ಬರುತ್ತದೆ. ಗಂಡನೂ ಇದ್ದರು. ನಾನು ಕೂರದೆ, ನಿಂತುಕೊಂಡೇ ಹೇಳಿದೆ.

ಗಂಡ ಎದ್ದುಬಿಟ್ಟರು. "ನಮ್ಮ ಮಗ ಏನು ಅಂಗಡಿ ಬೋರ್ಡಾ? ಯಾರನ್ನ ಕೇಳಿ ಇಟ್ಟರು? ನಿಮ್ಮ ಆಸ್ಪತ್ರೆಯ ದೊಡ್ಡವರಿಗೆ ಹೇಳ್ತೀನಿ." "ಹೇಳಿ, ಅದು ನಿಮ್ಮ ಹಕ್ಕು" ಎಂದೆ.

ಆಕೆ ಕೈಯಲ್ಲಿದ್ದ ಅಂಗಿಯನ್ನು ಮಡಚುವುದು ನಿಲ್ಲಿಸಿರಲಿಲ್ಲ. "ಎಷ್ಟು ದಿನ ಇತ್ತು?" ಎಂದು ಕೇಳಿದರು. ಎರಡು ವಾರದ ಹತ್ತಿರ ಎಂದೆ.

"ಜನ ನೋಡಿದ್ರಾ?"

"ನೋಡಿದ್ದಾರೆ."

"ಏನಂದ್ರು?"

ನನಗೆ ಅರ್ಥವಾಗಲಿಲ್ಲ. ಆಕೆ ಅಂಗಿಯನ್ನು ಪಕ್ಕಕ್ಕಿಟ್ಟರು. "ನಮ್ಮ ಕಡೆಯವರು ಯಾರೂ ಅವನನ್ನ ನೋಡಲಿಲ್ಲ. ನೋಡಿದ್ದು ನೀವು, ಡಾಕ್ಟರು, ನಾನು. ಅವನ ವಿಷಯ ತೆಗೆದರೆ ಮರೆತುಬಿಡು ಅಂತಾರೆ. ಹೀಗಿದ್ದ, ಹಾಗಿದ್ದ ಅಂತ ಒಂದು ಮಾತು ಯಾರ ಬಾಯಲ್ಲೂ ಬಂದಿಲ್ಲ. ಆ ಬೀದಿಯವರು ನೋಡಿದ್ದಾರೆ ಅಂದ್ರೆ ಏನಾದ್ರೂ ಅಂದಿರ್ತಾರಲ್ಲ. ನಿಮ್ಮ ಮಾವನಿಗೆ ಬರೆದು ಕಳಿಸೋಕೆ ಹೇಳಿ."

ಗಂಡ ಕೂತುಕೊಂಡರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ಚೆನ್ನಾಗಿಲ್ಲ ಅಂದವರಿದ್ರೆ ಅದನ್ನೂ ಬರೀಲಿ." ನಾನು ಹೊರಟಾಗ ಬಾಗಿಲವರೆಗೆ ಬಂದರು. "ನಾನವತ್ತು ಒಳಗೆ ಬರಲಿಲ್ಲ. ಬಂದಿದ್ರೆ ಆ ಫೋಟೊದಲ್ಲಿ ನಾನೂ ಇರ್ತಿದ್ದೆ. ಮುಂದೆ ಯಾರಾದ್ರೂ ಹಾಗೆ ಹೊರಗೆ ನಿಂತಿದ್ರೆ, ಕೈ ಹಿಡಿದು ಎಳ್ಕೊಂಡು ಹೋಗಿ."

ಕ್ಯಾಮೆರಾವನ್ನು ಮತ್ತೆ ಕೈಗೆ ತೆಗೆದುಕೊಂಡಿದ್ದೇನೆ. ಎರಡು ರೋಲು ಇದರ ಜೊತೆಗಿವೆ.

ಅವರಿಗೆ ಬರೆಯಿರಿ ಮಾವ. ನನ್ನ ವಿಳಾಸಕ್ಕೆ ಕಳಿಸಿದರೆ ಒಯ್ದು ಕೊಡುತ್ತೇನೆ.

ಪಿಟೀಲು

ಜೂನ್ 27

ತಾಯಿ, ತಂದೆ ಇಬ್ಬರಿಗೂ ನಮಸ್ಕಾರ.

ನಿಮ್ಮ ಅಪ್ಪಣೆಯಿಲ್ಲದೆ ನಿಮ್ಮ ಮಗನ ಚಿತ್ರವನ್ನು ಬೀದಿಗೆ ಕಾಣುವಂತೆ ಇಟ್ಟವನು ನಾನು. ನಾನು ಫೋಟೊ ತೆಗೆಯುವವನು, ಒಳ್ಳೆಯ ಚಿತ್ರ ಕಂಡರೆ ಬೇರೇನೂ ಕಾಣದವನು. ಕ್ಷಮಿಸಿ ಎಂದು ಮೊದಲು ಕೇಳಿ, ಆಮೇಲೆ ನೀವು ಕೇಳಿದ್ದಕ್ಕೆ ಬರುತ್ತೇನೆ.

ನನ್ನ ಕಿವಿ ಮಂದ. ಜನ ಆಡಿದ್ದರಲ್ಲಿ ಅರ್ಧ ನನಗೆ ಮುಟ್ಟಿರಲಿಲ್ಲ. ಅದಕ್ಕೆ ಈ ವಾರ ನಾನೂ ನನ್ನ ಹೆಂಡತಿಯೂ ಬೀದಿಯಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, ಆ ಚಿತ್ರ ನೋಡಿದಾಗ ಏನಂದಿರಿ ಎಂದು ಕೇಳಿ ಬಂದೆವು. ನಿಜ ಏನೆಂದು ಯಾರಿಗೂ ಹೇಳಲಿಲ್ಲ, ಅದು ನಿಮ್ಮದು. ಎಲ್ಲರಿಗೂ ನೆನಪಿತ್ತು.

ಪಕ್ಕದಲ್ಲಿ ಬೀಗದ ಕೈ ಮಾಡುವವನು ಮೊದಲ ದಿನವೇ ನೋಡಿದವನು. "ಹುಬ್ಬು ನೋಡಿ, ಹೇಗೆ ಗಂಟಿಕ್ಕಿದ್ದಾನೆ. ಕೆಲಸ ಸರಿಯಿಲ್ಲ ಅಂದ್ರೆ ದುಡ್ಡು ಕೊಡದ ಗಿರಾಕಿ ಇವನು" ಎಂದಿದ್ದನಂತೆ. ಇದನ್ನು ಬರೆಯಲೋ ಬೇಡವೋ ಎಂದು ಹೆಂಡತಿಯನ್ನು ಕೇಳಿದೆ. ಬರೀರಿ ಎಂದಳು.

ಬಸುರಿ ಹೆಂಗಸೊಬ್ಬರು ಪಾಸ್‌ಪೋರ್ಟ್ ಫೋಟೊ ತೆಗೆಸಿಕೊಳ್ಳಲು ಬಂದರು. ಒಳಗೆ ಬರುವ ಮೊದಲು ನಿಂತು ನೋಡಿದರು, ತೆಗೆಸಿಕೊಂಡು ಹೋಗುವಾಗಲೂ ನಿಂತರು. ಆ ತುಟಿಯಂಥ ತುಟಿ ತಾನು ಎಲ್ಲೂ ಕಂಡಿಲ್ಲ ಎಂದು ನನ್ನ ಹೆಂಡತಿಗೆ ಹೇಳಿದರು.

ಎದುರಿನ ವೃತ್ತದಲ್ಲಿ ನಿಲ್ಲುವ ಟ್ರಾಫಿಕ್ ಪೊಲೀಸರು ನೆರಳಿಗೆಂದು ನನ್ನ ಅಂಗಡಿಯ ಮುಂದೆ ಬರುತ್ತಾರೆ. ಒಬ್ಬ ಸ್ಕೂಟರಿನವನು ಅಲ್ಲಿ ಹಾರ್ನ್ ಒತ್ತಿ ಹಿಡಿದಾಗ ಅವರು ಅವನ ಭುಜ ತಟ್ಟಿ ಕಿಟಕಿ ತೋರಿಸಿ, "ಸ್ವಲ್ಪ ಮೆಲ್ಲಗೆ, ಮಗು ಮಲಗಿದೆ" ಎಂದರಂತೆ. ಅವನು ನಿಲ್ಲಿಸಿ, ತಾನೂ ಇಳಿದು ಬಂದು ನೋಡಿ ಹೋದನಂತೆ.

ಚೆನ್ನಾಗಿಲ್ಲ ಎಂದವರನ್ನೂ ಬರೆಯಲು ಹೇಳಿದ್ದೀರಿ. ಒಬ್ಬ ನಿವೃತ್ತ ಮೇಷ್ಟರು ಒಳಗೆ ಬಂದು, ತಾಯಿಯ ಕೈ ಮಸುಕಾಗಿದೆ, ಕೆಟ್ಟ ಚಿತ್ರವನ್ನು ಮುಂದಿಟ್ಟು ಹೆಸರು ಕೆಡಿಸಿಕೊಳ್ಳಬೇಡಿ ಎಂದಿದ್ದರು. ಈ ವಾರ ಅವರನ್ನೂ ಕೇಳಿದೆ. ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಕೈ ಮಸುಕೇ. ಆದರೆ ಹುಡುಗ ಚೆನ್ನಾಗಿದ್ದ, ಎಲ್ಲಿ ತೆಗೆದಿಟ್ಟಿರಿ?" ಎಂದರು.

ಅಲ್ಲಿ ನಿಲ್ಲದೆ ಹೋದವರೂ ಬೇಕಾದಷ್ಟು ಜನ. ಅವರ ವಿಷಯ ನನಗೆ ಗೊತ್ತಿಲ್ಲ.

ಚಿತ್ರ ಈಗ ನಮ್ಮ ಮನೆಯಲ್ಲಿ, ಬಟ್ಟೆ ಸುತ್ತಿ ಕಪಾಟಿನಲ್ಲಿದೆ. ಕಳಿಸಿ ಎಂದರೆ ಕಳಿಸುತ್ತೇವೆ, ಸುಟ್ಟುಬಿಡಿ ಎಂದರೆ ಹಾಗೇ ಮಾಡುತ್ತೇವೆ. ನೆಗೆಟಿವ್ ಚಿತ್ರ ತೆಗೆದ ನಿಮ್ಮ ಸಿಸ್ಟರ್ ಹತ್ತಿರವೇ ಭದ್ರವಾಗಿದೆ.

ಇಷ್ಟು ಬರೆದು ಲಕೋಟೆಗೆ ಹಾಕುವಾಗ ನನ್ನ ಹೆಂಡತಿ ತಡೆದಳು. ನಿಮ್ಮನ್ನು ಒಂದು ಮಾತು ಕೇಳಬೇಕಂತೆ. ಬರೆಯಲು ಇಷ್ಟವಿಲ್ಲದಿದ್ದರೆ ಬಿಡಿ, ಅವಳೇನೂ ತಪ್ಪು ತಿಳಿದುಕೊಳ್ಳುವುದಿಲ್ಲ. ಅವಳ ಮಾತಿನಲ್ಲೇ ಬರೆಯುತ್ತೇನೆ.

"ಚಿತ್ರದಲ್ಲಿ ಹಣೆಯವರೆಗೂ ಟೋಪಿ ಹಾಕಿದ್ದೀರಿ. ಎಷ್ಟು ಹೊತ್ತು ನೋಡಿದರೂ ನನಗೆ ತಿಳೀಲಿಲ್ಲ. ಅವನಿಗೆ ಕೂದಲು ಎಷ್ಟಿತ್ತು?"